ಮೂಳೆಗೆ ಬೆಸೆಯುವ ಗಾಜು

ರಾಬರ್ಟ್‌ಸನ್‌ಪೇಟೆಯ ಸುತ್ತಮುತ್ತ ಬೋಳು ದಿಬ್ಬಗಳನ್ನು ನೋಡದವರಿಲ್ಲ. ಊರಿನವರ ಬಾಯಲ್ಲಿ ಅವು ಸೈನೈಡ್ ಗುಡ್ಡಗಳು. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟು ಅದು. ಇಲ್ಲಿಯ ಚಿನ್ನ ಸಿಗುತ್ತಿದ್ದುದು ಬೆಣಚುಕಲ್ಲಿನ ಪಟ್ಟೆಗಳಲ್ಲಿ. ಬೆಣಚುಕಲ್ಲೆಂದರೆ ಸಿಲಿಕಾ. ಅದನ್ನು ಕೊರೆಯುವಾಗ ಏಳುವ ನುಣ್ಣನೆಯ ದೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ರೋಗ ಬರುತ್ತದೆ. 1940ರ ದಶಕದಲ್ಲಿ ಗಣಿ ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಎದೆಯೊಳಗೆ ಸೇರಿದ ದೂಳು ಮಾತ್ರ ಹೊರಬರುವಂಥದ್ದಲ್ಲ.

ಇಂಥ ಸಿಲಿಕಾ ಸೇರಿದ ಗಾಜನ್ನು ವೈದ್ಯರೇ ಮೂಳೆಯ ಕುಳಿಗೆ ತುಂಬುತ್ತಾರೆ ಎಂದರೆ ಗಣಿ ಕೆಲಸ ಮಾಡಿದ ಮನೆಯವರು ಹುಬ್ಬೇರಿಸಿಯಾರು. ಆದರೆ ಅದು ನಿಜ.

1967ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಎಂಬ ಗಾಜು ವಿಜ್ಞಾನಿ ಸಮ್ಮೇಳನವೊಂದಕ್ಕೆ ಬಸ್ಸಿನಲ್ಲಿ ಹೊರಟಿದ್ದರು. ಪಕ್ಕದಲ್ಲಿ ಕುಳಿತಿದ್ದವರು ವಿಯೆಟ್ನಾಂ ಯುದ್ಧದಿಂದ ಮರಳಿದ್ದ ಸೇನಾಧಿಕಾರಿ. ಗಾಯಾಳುಗಳಿಗೆ ಇಡುವ ಲೋಹ, ಪ್ಲಾಸ್ಟಿಕ್ಕುಗಳನ್ನು ದೇಹ ಒಪ್ಪುವುದಿಲ್ಲ, ದೇಹ ಒಪ್ಪುವಂಥದ್ದನ್ನು ಮಾಡಲಾಗದೇ ಎಂದು ಅವರು ಕೇಳಿದರು. ಮೂಳೆಯಲ್ಲಿ ಹೇರಳವಾಗಿರುವುದು ಕ್ಯಾಲ್ಸಿಯಂ ಮತ್ತು ರಂಜಕ. ಅವನ್ನೇ ಗಾಜಿಗೆ ಬೆರೆಸಿದರೆ ಹೇಗೆ ಎಂದು ಹೆಂಚ್ ಯೋಚಿಸಿದರು. 1969ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಅಂಥ ಗಾಜಿನ ಚೂರುಗಳನ್ನು ಇಲಿಗಳ ತೊಡೆಮೂಳೆಯಲ್ಲಿ ಇಟ್ಟು ನೋಡಲಾಯಿತು. ಆರು ವಾರಗಳ ನಂತರ ಕೀಳಲು ಹೋದರೆ ಚೂರು ಬರಲೇ ಇಲ್ಲ! ಮೂಳೆಗೆ ಬೆಸೆದುಕೊಂಡಿತ್ತು.

ಈ ಗಾಜಿನಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ 45 ಪಾಲು ಸಿಲಿಕಾ, ತಲಾ 24.5 ಪಾಲು ಸೋಡಿಯಂ ಮತ್ತು ಕ್ಯಾಲ್ಸಿಯಂ ಆಕ್ಸೈಡುಗಳು, 6 ಪಾಲು ರಂಜಕದ ಆಕ್ಸೈಡು. ಗುಟ್ಟು ಇರುವುದು ಈ ಪ್ರಮಾಣದಲ್ಲೇ. ಬೆಣಚುಕಲ್ಲಿನ ಹರಳಿನಲ್ಲಿ ಒಂದೊಂದು ಸಿಲಿಕಾನ್ ಪರಮಾಣುವೂ ನಾಲ್ಕು ಆಮ್ಲಜನಕಗಳಿಗೆ ಬಿಗಿದು, ಅವುಗಳ ಮೂಲಕ ನೆರೆಯ ಪರಮಾಣುಗಳಿಗೆ ಹೆಣೆದುಕೊಂಡಿರುತ್ತದೆ. ಎಲ್ಲೂ ಬಿಡಿ ಕೊಂಡಿಯಿಲ್ಲ. ಹಾಗಾಗಿ ಅದು ಶ್ವಾಸಕೋಶದಲ್ಲಿ ಕರಗದು. ಅದನ್ನು ನುಂಗಿದ ರಕ್ಷಕ ಕೋಶಗಳೇ ಸಾಯುತ್ತವೆ, ಅಲ್ಲಿ ಗಾಯದ ಕಲೆಯಂತೆ ಅಂಗಾಂಶ ಗಟ್ಟಿಯಾಗುತ್ತದೆ. ಹೆಂಚ್ ಗಾಜಿನಲ್ಲಿ ಸೋಡಿಯಂ, ಕ್ಯಾಲ್ಸಿಯಂಗಳು ಆ ಹೆಣಿಗೆಯನ್ನು ಅಲ್ಲಲ್ಲಿ ಕಡಿದಿರುತ್ತವೆ. ದೇಹದ್ರವ ತಾಗಿದೊಡನೆ ಸೋಡಿಯಂ ಹೊರಬರುತ್ತದೆ, ಮೇಲ್ಮೈಯಲ್ಲಿ ಸಿಲಿಕಾದ ಲೋಳೆಪದರ ಉಳಿಯುತ್ತದೆ, ಅದರ ಮೇಲೆ ಕ್ಯಾಲ್ಸಿಯಂ ಫಾಸ್ಫೇಟ್ ಕೂಡಿಕೊಂಡು ಅಪಟೈಟ್ ಹರಳಾಗುತ್ತದೆ. ಮೂಳೆಯ ಖನಿಜವೂ ಅಪಟೈಟೇ. ಹೀಗಾಗಿ ಮೂಳೆಕೋಶಗಳಿಗೆ ಅದು ಹೊರಗಿನದೆಂದು ಅನ್ನಿಸುವುದಿಲ್ಲ. ಸಿಲಿಕಾ ನೂರಕ್ಕೆ 60 ಪಾಲು ದಾಟಿದರೆ ಈ ಬೆಸುಗೆ ಆಗದು. ಕಿಟಕಿ ಗಾಜಿನಲ್ಲಿ 70 ಪಾಲಿನಷ್ಟಿರುತ್ತದೆ; ಕಾಲಿಗೆ ಚುಚ್ಚಿದ ಗಾಜಿನ ಚೂರು ಮೂಳೆಯಾಗದಿರುವುದು ಅದಕ್ಕೇ.

ಗಾಜು ಗಾಜೇ, ಪೆಟ್ಟಿಗೆ ಒಡೆಯುತ್ತದೆ. ಮುರಿದ ತೊಡೆಮೂಳೆಗೆ ಇಂದಿಗೂ ಉಕ್ಕಿನ ಅಥವಾ ಟೈಟೇನಿಯಂ ಸರಳೇ ಬೇಕು. ಗಾಜಿನ ಹರಳುಪುಡಿ ಉಪಯೋಗಕ್ಕೆ ಬರುವುದು ಭಾರ ಹೊರದ ಕುಳಿಗಳಿಗೆ, ವಸಡಿನ ರೋಗದಿಂದ ಹಲ್ಲಿನ ಸುತ್ತ ಸವೆದ ದವಡೆ ಮೂಳೆಗೆ. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುವವರಿಗಾಗಿ ಕೆಲವು ಟೂತ್‌ಪೇಸ್ಟುಗಳಲ್ಲೂ ಈ ಪುಡಿ ಇದೆ. ಎನಾಮಲ್ ಸವೆದು ಬಯಲಾದ ಸೂಕ್ಷ್ಮ ನಾಳಗಳ ಬಾಯನ್ನು ಅದು ಅಪಟೈಟಿನಿಂದ ಮುಚ್ಚುತ್ತದೆ.

ಕೋಲಾರ ಜಿಲ್ಲೆಯ ತಂದೆತಾಯಿಗಳು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ಇಲ್ಲಿ ಅನೇಕ ಮಕ್ಕಳ ಹಲ್ಲಿನ ಮೇಲೆ ಕಾಣುವ ಕಂದು ಕಲೆ ಕೊಳವೆಬಾವಿ ನೀರಿನ ಫ್ಲೋರೈಡಿನದು. ಎಂಟು ವರ್ಷದೊಳಗೆ, ಎನಾಮಲ್ ರೂಪುಗೊಳ್ಳುವಾಗಲೇ ಅದು ಒಳಗೆ ಸೇರಿಬಿಟ್ಟಿರುತ್ತದೆ. ದುಬಾರಿ ಪೇಸ್ಟ್ ಉಜ್ಜಿದರೆ ಆ ಕಲೆ ಹೋಗದು. ಪೇಸ್ಟಿಗೆ ಕೊಡುವ ದುಡ್ಡಿಗಿಂತ ಮೊದಲು ಮನೆಯ ನೀರನ್ನು ಪರೀಕ್ಷೆಗೆ ಕೊಡುವುದು ಒಳ್ಳೆಯದು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, 1.5 ದಾಟಿದ್ದರೆ ಆ ನೀರನ್ನು ಮಕ್ಕಳಿಗೆ ಕುಡಿಯಲು ಕೊಡಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ.