ಹೊಲದಂಚಿನ ಬಿಟ್ಟಿ ನೀರು

ಸೋದರಿಯರೇ, ಹೋದ ಸಂಚಿಕೆಯಲ್ಲಿ ಸಂಡಿಗೆಯ ವಿಚಾರ ಬರೆದಿದ್ದೆ. ಈ ಸಲ ಅಡಿಗೆಮನೆಯಿಂದ ಸ್ವಲ್ಪ ಹೊರಗೆ, ನಮ್ಮ ಈರುಳ್ಳಿ ಹೊಲಕ್ಕೆ ಬನ್ನಿ.

ಅಜ್ಜಂಪುರದ ಕಡೆಯ ನಮ್ಮ ಹೊಲ ಎರೆಮಣ್ಣಿನದು. ಅದರ ಅಂಚಿನಲ್ಲೇ ಊರಿನ ನಲ್ಲಿಗಳಿಗೆ ಹೋಗುವ ಪೈಪು ಹಾದಿದೆ. ಹೋದ ವರ್ಷ ಅದರ ಒಂದು ಜಾಯಿಂಟು ಸೋರತೊಡಗಿತು. ನಿಜ ಹೇಳಬೇಕೆಂದರೆ ನಮಗೆ ಖುಷಿಯೇ ಆಯಿತು. ಎಮ್ಮೆಗೆ ಕುಡಿಯೋಕಾಯ್ತು, ಬದುವಿನ ಬಾಳೆಗಾಯ್ತು ಅಂತ ಸುಮ್ಮನಿದ್ದೆವು.

ಮೂರು ವಾರಕ್ಕೆ ಪೈಪಿನ ಪಕ್ಕದ ಪೈರು ಹಳದಿಯಾಯಿತು. ನೀರು ಸಾಲದೇನೋ ಅಂದೆ ನಾನು, ಜಾಣೆ! ಅತ್ತೆಯವರು ಒಂದು ಗಿಡ ಕಿತ್ತು ನನ್ನ ಮೂಗಿಗೆ ಹಿಡಿದರು. ಬೇರು ಕೊಳೆತು ನಾರುತ್ತಿತ್ತು. ಬೇರಿಗೂ ಉಸಿರಾಡಬೇಕಲ್ಲ, ಮಣ್ಣಿನ ಸಂದಿನಲ್ಲೆಲ್ಲ ನೀರೇ ತುಂಬಿದರೆ ಗಾಳಿಗೆ ಜಾಗವೆಲ್ಲಿ? ಕಡೂರಿನ ನನ್ನ ತವರಿನ ಕೆಂಪು ಮಣ್ಣಾದರೆ ನೀರು ಬೇಗ ಇಳಿಯುತ್ತದೆ, ಆದರೆ ಗೊಬ್ಬರದ ಸಾರವನ್ನೂ ಜೊತೆಗೇ ಒಯ್ಯುತ್ತದೆ. ಎರೆಮಣ್ಣು ಹಿಡಿದ ನೀರನ್ನು ಬಿಡುವುದೇ ಇಲ್ಲ. ಹಸಿಯಲ್ಲೇ ಉತ್ತರೆ, ಒಣಗಿದ ಮೇಲೆ ಕಲ್ಲಿನಂಥ ಹೆಂಟೆ. ತರೀಕೆರೆಯ ತಂಗಿಯ ಅಡಿಕೆ ತೋಟದಲ್ಲೂ ಬಸಿಗಾಲುವೆ ತೆಗೆಯದಿದ್ದರೆ ಇದೇ ಗೋಳು. ಕೆಲವು ಕೊಳವೆಬಾವಿಯ ನೀರಂತೂ ನಿಂತು ಆರಿದಲ್ಲಿ ಬಿಳಿ ಉಪ್ಪು ಬಿಡುತ್ತದೆ.

ಅಷ್ಟರಲ್ಲಿ ಊರಿನ ಆ ತುದಿಯಲ್ಲಿರುವ ವಾರಗಿತ್ತಿ ಬಂದಳು. "ಅಕ್ಕಾ, ನಮ್ ನಲ್ಲೀಲಿ ಎಂಟು ದಿನದಿಂದ ನೀರು ಸರಿಯಾಗಿ ಬರ್ತಿಲ್ಲ. ನಿಮ್ ಹೊಲದಲ್ಲಿ ನೋಡಿದ್ರೆ ಕೆರೆ!" ನನಗೆ ಮುಖ ಎತ್ತಲಾಗಲಿಲ್ಲ. ಸೋರುವಲ್ಲಿ ಒಂದು ಲೀಟರಿನ ಚೊಂಬು ಹಿಡಿದೆ. ಒಂದೇ ನಿಮಿಷಕ್ಕೆ ತುಂಬಿತು. ಹಗಲೂ ರಾತ್ರಿ ಹೀಗೇ ಹರಿದರೆ ದಿನಕ್ಕೆ 1,440 ಲೀಟರು! 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರು. ಅಂದರೆ 26 ಜನರ ಪಾಲು ನಮ್ಮ ಈರುಳ್ಳಿಯನ್ನು ಕೊಳೆಸುತ್ತಿತ್ತು.

ಆವತ್ತೇ ಯಜಮಾನರು ವಾಟರ್‌ಮನ್‌ನನ್ನು ಕರೆತಂದರು. ಎರಡು ದಿನಕ್ಕೆ ರಿಪೇರಿಯಾಯಿತು. ಇನ್ನೊಂದು ಮಾತು: ನೀರು ನಿಲ್ಲಿಸಿದ ಹೊತ್ತಿನಲ್ಲಿ ಅದೇ ತೂತಿನಿಂದ ಕೆಸರು ಪೈಪಿನೊಳಕ್ಕೆ ಸೇರಬಹುದು. ನಿಮ್ಮ ಊರಲ್ಲಿ ಪೈಪು ಸೋರುತ್ತಿದ್ದರೆ, ನಲ್ಲಿ ನೀರು ತಿಳಿಯಾಗಿ ಕಂಡರೂ ಸೋಸಿ, ಚೆನ್ನಾಗಿ ಕುದಿಸಿಯೇ ಮಕ್ಕಳಿಗೆ ಕೊಡಿ.

ನೀರು ನಿಂತಿದ್ದ ಕಡೆ ಬಸಿಗಾಲುವೆ ತೆಗೆದು, ಮಣ್ಣು ಆರುವ ತನಕ ನೇಗಿಲು ಇಳಿಸಲಿಲ್ಲ. ಅಲ್ಲಿ ಉಳಿದ ಗಡ್ಡೆಗಳ ಕುತ್ತಿಗೆ ಮೆತ್ತಗಿತ್ತು. ಅಂಥವನ್ನು ಒಳ್ಳೆಯವುಗಳ ಜೊತೆ ಕೂಡಿಡಬೇಡಿ, ಎಲ್ಲಕ್ಕೂ ಕೊಳೆ ಹತ್ತುತ್ತದೆ. ಕೆಟ್ಟ ಭಾಗ ತೆಗೆದು, ಹುಣಿಸೆ ಬೆಲ್ಲ ಹಾಕಿ ಗೊಜ್ಜು ಮಾಡಿದೆ. ವಾರಗಿತ್ತಿಗೂ ಒಂದು ಬಟ್ಟಲು ಕಳಿಸಿದೆ. ಬಟ್ಟಲು ಇನ್ನೂ ವಾಪಸು ಬಂದಿಲ್ಲ.