ಕಾರ್ಕಳದ ಗೊಮ್ಮಟ ಕುಗ್ಗಿದ್ದು ಹೇಗೆ?



ಮೂಡುಬಿದಿರೆಯಲ್ಲಿ ಓದುವ ನನ್ನ ಮೊಮ್ಮಗಳು ರಜೆಗೆ ಬಂಟ್ವಾಳಕ್ಕೆ ಬಂದಿದ್ದಳು. ಅವಳೀಗ ‘ಆರ್’ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದಾಳೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿದ್ದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅಂಕಿ-ಅಂಶಗಳ ಕೆಲಸಕ್ಕೆಂದು ಕಟ್ಟಿದ ಭಾಷೆ ಅದು. ಅದರ ಮೊದಲ ಪೂರ್ಣ ಆವೃತ್ತಿ ಹೊರಬಂದ ದಿನ 2000ರ ಫೆಬ್ರವರಿ 29!

“ಅಜ್ಜ, ನಮ್ಮ ಕಡೆಯ ಗೊಮ್ಮಟಗಳ ಕೋಷ್ಟಕ ಮಾಡ್ತೇನೆ” ಎಂದಳು. ಮೊದಲು ಮೂರು ಪಟ್ಟಿ ಬರೆದುಕೊಂಡಳು.

ಊರು: ಕಾರ್ಕಳ, ವೇಣೂರು, ಧರ್ಮಸ್ಥಳ.
ಪ್ರತಿಷ್ಠೆಯಾದ ವರ್ಷ: 1432, 1604, 1982.
ಎತ್ತರ, ಅಡಿಗಳಲ್ಲಿ: 42, 35, 39.

ಹೀಗೆ ಹೆಸರು ಕೊಟ್ಟು ಇಟ್ಟುಕೊಂಡ ಪಟ್ಟಿಗೆ ‘ವೇರಿಯಬಲ್’ ಅಥವಾ ಚರ ಎನ್ನುತ್ತಾರೆ. ಮೂರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ‘ಡೇಟಾ ಫ್ರೇಮ್’, ಅಂದರೆ ಕೋಷ್ಟಕ. ಒಂದೊಂದು ಪಟ್ಟಿ ಒಂದೊಂದು ಕಂಬಸಾಲು. ಅಡ್ಡಸಾಲಿನಲ್ಲಿ ಒಬ್ಬೊಬ್ಬ ಗೊಮ್ಮಟ.

ಕುಳ್ಳನಿಂದ ಎತ್ತರದವನವರೆಗೆ ಕ್ರಮವಾಗಿ ಬರಲೆಂದು ಅವಳು ಎತ್ತರದ ಪಟ್ಟಿಯನ್ನು ಮೊದಲೇ 35, 39, 42 ಎಂದು ಜೋಡಿಸಿ, ಆಮೇಲೆ ಮೂರನ್ನೂ ಸೇರಿಸಿದಳು. ಕಂಪ್ಯೂಟರ್ ಚಕಾರ ಎತ್ತಲಿಲ್ಲ. ನಾನು ಓದಿದೆ: ಕಾರ್ಕಳ, 1432, 35 ಅಡಿ!

“ಕಾರ್ಕಳದ ಗೊಮ್ಮಟ ಏಳಡಿ ಕುಗ್ಗಿದ್ದು ಯಾವಾಗ ಮಗಾ?”

“ಕೂಡಿ ನೋಡಿ ಅಜ್ಜ, 116 ಸರಿಯಾಗಿಯೇ ಬರ್ತದೆ.”

ಆ ಮಾತಿಗೆ ನನಗೆ ನಗು ಬರಲಿಲ್ಲ. ಹಳೆಯ ದಿನವೊಂದು ನೆನಪಾಯಿತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಎಲ್ಲವೂ ಕೈಬರಹದ ಲೆಡ್ಜರ್. ಒಮ್ಮೆ ನನ್ನ ಕಣ್ಣು ಒಂದು ಸಾಲು ಜಾರಿ ಇಬ್ಬರ ಜಮಾ ಅದಲುಬದಲಾಯಿತು. ಸಂಜೆ ಒಟ್ಟು ಸರಿಹೊಂದಿತು. ನಾನು ನೆಮ್ಮದಿಯಾಗಿ ಮನೆಗೆ ಹೋದೆ. ಮರುವಾರ ಬೀಡಿ ಕಟ್ಟುವ ಅಮ್ಮನೊಬ್ಬರು ಮಗಳ ಶಾಲೆ ಫೀಸಿಗೆ ಹಣ ತೆಗೆಯಲು ಬಂದರು. ಖಾತೆಯಲ್ಲಿ ಅಷ್ಟಿರಲಿಲ್ಲ. ಅವರು ಜೋರು ಮಾಡಲಿಲ್ಲ. “ನಾನೇ ತಪ್ಪು ಎಣಿಸಿದೆನೋ ಏನೋ” ಎಂದು ತಲೆ ತಗ್ಗಿಸಿ ಹೊರಟರು. ಅವರನ್ನು ನಿಲ್ಲಿಸಿ, ಹಳೆಯ ಚಲನ್ ಹುಡುಕಿ ತೆಗೆದು ಸರಿಪಡಿಸಿದೆ. ಒಟ್ಟು ಸರಿಯಿದ್ದ ಮಾತ್ರಕ್ಕೆ ಸಾಲು ಸರಿಯಿರುತ್ತದೆಂದು ಮತ್ತೆಂದೂ ನಂಬಲಿಲ್ಲ.

ಮೊಮ್ಮಗಳು ಪಟ್ಟಿಗಳನ್ನು ಮೊದಲಿನಂತೆ ಬರೆದು ಕೋಷ್ಟಕ ಕಟ್ಟಿದಳು. ಆಮೇಲೆ ಎತ್ತರದ ಕ್ರಮಕ್ಕೆ ಇಡೀ ಸಾಲುಗಳನ್ನೇ ಜರುಗಿಸಿದಳು. ಈಗ ವೇಣೂರು 35, ಧರ್ಮಸ್ಥಳ 39, ಕಾರ್ಕಳ 42. ವರ್ಷಗಳೂ ಜೊತೆಗೇ ಬಂದವು.

ಇನ್ನೊಂದು ಎಚ್ಚರ. ಮೂರು ಊರಿಗೆ ಎರಡೇ ಎತ್ತರ ಕೊಟ್ಟರೆ ‘ಆರ್’ ತಪ್ಪೆಂದು ಹೇಳುತ್ತದೆ. ಆದರೆ ನಾಲ್ಕು ಊರಿಗೆ ಎರಡು ಕೊಟ್ಟರೆ, ಅವೆರಡನ್ನೇ ಮತ್ತೊಮ್ಮೆ ಬಳಸಿ ಸುಮ್ಮನಾಗುತ್ತದೆ!

ಈ ವಾರದ ಕೆಲಸ: ಮನೆಯವರ ಹೆಸರು, ಹುಟ್ಟಿದ ವರ್ಷ, ರಕ್ತದ ಗುಂಪು, ಈ ಮೂರು ಪಟ್ಟಿಗಳಿಂದ ಒಂದು ಕೋಷ್ಟಕ ಮಾಡಿ. ಆಮೇಲೆ ಒಬ್ಬೊಬ್ಬರನ್ನೂ ಕರೆದು ಅವರವರ ಸಾಲನ್ನು ಓದಿ ಹೇಳಿ. ಅವರು “ಹೌದು” ಎಂದ ಮೇಲೆಯೇ ಗೋಡೆಗೆ ಅಂಟಿಸಿ.