‘ನಾಳೆ ಬರ್ರಿ’ ಎಂಬುದರ ಖರ್ಚು

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಹಳೆಯ ಕಂಪ್ಯೂಟರ್ ಇಟ್ಟುಕೊಂಡ ಸಂಘ, ಕಾಲೇಜು, ಕಚೇರಿಗಳಿಗೆ ಈಗ ಮಾರಾಟಗಾರರು ಹೇಳುವ ಮದ್ದು ವರ್ಚುವಲ್ ಡೆಸ್ಕ್‌ಟಾಪ್. ಮೇಜಿನ ಮೇಲೆ ಮಾನಿಟರ್, ಕೀಬೋರ್ಡ್, ಅಂಗೈಯಗಲದ ಒಂದು ಡಬ್ಬಿ; ಕೆಲಸವೆಲ್ಲ ನಡೆಯುವುದು ದೂರದ ಸರ್ವರ್‌ನಲ್ಲಿ.

ಲಾಭ ಇಲ್ಲವೆನ್ನಲಾಗದು. ಡಬ್ಬಿ ಕರೆಂಟು ಹೆಚ್ಚು ತಿನ್ನದು, ಕಳುವಾದರೂ ದಾಖಲೆ ಹೋಗದು. ಕೂಡ್ಲಿಗಿಯ ಗುಮಾಸ್ತರು ಕೊಟ್ಟೂರಿಗೆ ವರ್ಗವಾದರೆ ಅಲ್ಲಿ ಲಾಗಿನ್ ಆದರಾಯಿತು. ಹರಪನಹಳ್ಳಿಯವರಿಗೆ ಇದು ಬೇಗ ಅರ್ಥವಾಗುತ್ತದೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಊರು ಕದಲಲಿಲ್ಲ, ಜಿಲ್ಲೆ ಬದಲಾಗುತ್ತಲೇ ಹೋಯಿತು. ಕಡತದ ಗಂಟು ಹೊತ್ತವರನ್ನು ಕೇಳಬೇಕು.

ಇನ್ನು ಖರ್ಚು. ಸರ್ವರ್, ತಲೆಗಿಷ್ಟೆಂದು ಲೈಸೆನ್ಸ್, ನೋಡಿಕೊಳ್ಳಲು ಪಳಗಿದ ಕೈ. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಒಮ್ಮೆಗೇ ಲಾಗಿನ್ ಆಗುವುದನ್ನು ತಡೆದುಕೊಳ್ಳುವ ಸಾಮರ್ಥ್ಯ ಬೇಕು. ಮಧ್ಯಾಹ್ನದ ಬಳಕೆ ನೋಡಿ ಕೊಂಡವರು ಕೆಟ್ಟರು. ಬ್ರಾಡ್‌ಕಾಮ್ 2023ರಲ್ಲಿ, ಇಂಥ ಸರ್ವರ್‌ಗಳ ಸಾಫ್ಟ್‌ವೇರ್ ಮಾರುವ ವಿಎಂವೇರ್ ಕಂಪನಿಯನ್ನು ಕೊಂಡು, ಶಾಶ್ವತ ಲೈಸೆನ್ಸ್ ಮಾರುವುದನ್ನು ಬಿಟ್ಟು ಚಂದಾ ಪದ್ಧತಿಗೆ ಹೊರಳಿದಾಗ ಎಷ್ಟೋ ಸಂಸ್ಥೆಗಳ ಬಜೆಟ್ ಅಡಿಮೇಲಾಯಿತು.

ವಿಜಯನಗರ ಜಿಲ್ಲೆಯ ನಮ್ಮ ಈ ತಾಲ್ಲೂಕುಗಳ ದೊಡ್ಡ ಖರ್ಚು ಮಾತ್ರ ಟೆಂಡರಿನಲ್ಲಿ ಕಾಣುವುದೇ ಇಲ್ಲ. ಪಹಣಿ ಕೊಡುವ ‘ಭೂಮಿ’ ಯೋಜನೆ ಶುರುವಾದಾಗ ಸರ್ವರ್ ತಾಲ್ಲೂಕು ಕಚೇರಿಯಲ್ಲೇ ಇತ್ತು. ಅದು ಬೆಂಗಳೂರು ಸೇರಿದ ಮೇಲೆ ಪಹಣಿ ಎಲ್ಲೆಂದರಲ್ಲಿ ಸಿಗುವಂತಾಯಿತು, ಒಪ್ಪೋಣ. ಬೆನ್ನಿಗೇ ‘ಸರ್ವರ್ ಇಲ್ರಿ, ನಾಳೆ ಬರ್ರಿ’ ಎಂಬ ಮಾತೂ ಬಂತು. 2025ರ ಆರಂಭದಲ್ಲಿ ‘ಕಾವೇರಿ 2.0’ ಮೇಲೆ ಸೈಬರ್ ದಾಳಿಯಾದಾಗ ಆಸ್ತಿ ನೋಂದಣಿ ರಾಜ್ಯದುದ್ದಕ್ಕೂ ತಡವರಿಸಿತು. ಇವೆರಡೂ ವರ್ಚುವಲ್ ಡೆಸ್ಕ್‌ಟಾಪ್ ಅಲ್ಲ, ನಿಜ. ಆದರೆ ಅಲ್ಲಿ ಸರ್ವರ್ ಕೈಕೊಟ್ಟರೂ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಒಂದು ಪತ್ರವನ್ನಾದರೂ ಟೈಪ್ ಮಾಡಬಹುದಿತ್ತು. ಡಬ್ಬಿಯಲ್ಲಿ ಅದೂ ಇಲ್ಲ. ರಸ್ತೆ ಅಗೆಯುವ ಜೆಸಿಬಿ ಕೇಬಲ್ ಕಿತ್ತಿತೋ, ಪರದೆಯ ಮೇಲೆ ಚಕ್ರ ಸುತ್ತುತ್ತಾ ಕೂರುತ್ತದೆ. ಕೂಲಿ ಬಿಟ್ಟು ಹಗರಿಬೊಮ್ಮನಹಳ್ಳಿಗೆ ಬಂದವರ ಬಸ್ ಚಾರ್ಜನ್ನು ಯಾವ ಸಂಸ್ಥೆಯೂ ತನ್ನ ಲೆಕ್ಕಕ್ಕೆ ಹಾಕಿಕೊಳ್ಳುವುದಿಲ್ಲ.

ಕಾಲೇಜಿನ ಲ್ಯಾಬಿಗೆ, ಬ್ಯಾಂಕಿನ ಒಳಗೆಲಸಕ್ಕೆ ಇದು ಸೈ. ಜನ ಸಾಲುಗಟ್ಟುವ ಕೌಂಟರಿಗೆ ಬೇಡವೆಂದೇ ನನ್ನ ಮತ. ಹಾಕಲೇಬೇಕೆಂದರೆ ಬೇರೆ ಬೇರೆ ದಾರಿಯಲ್ಲಿ ಬರುವ ಎರಡು ಲೈನು, ಯುಪಿಎಸ್, ಲೈನ್ ಹೋದಾಗ ಅರ್ಜಿ ಹಿಡಿದುಕೊಳ್ಳಲು ತನ್ನಷ್ಟಕ್ಕೆ ನಡೆಯುವ ಒಂದು ಕಂಪ್ಯೂಟರ್ ಇರಲಿ. ಮೊದಲು ಹಡಗಲಿಯ ಒಂದು ಕೌಂಟರಿನಲ್ಲಿ ಮಳೆಗಾಲವಿಡೀ ನಡೆಸಿ ನೋಡಲಿ, ಟೆಂಡರ್ ಆಮೇಲೆ ಕರೆಯಲಿ.